ಊರಾಚೆಯ ತೋಟದ ಮನೆ ಪಾರ್ಟಿ: ಮದ್ಯ, ಮಾದಕ ವಸ್ತು ಮತ್ತು ಕೈಜಾರುವ ಮೊದಲ ಗಂಟೆ

ದೇವನಹಳ್ಳಿ: ಶನಿವಾರ ಸಂಜೆಯಾಗುತ್ತಿದ್ದಂತೆ ಬಳ್ಳಾರಿ ರಸ್ತೆ, ತುಮಕೂರು ರಸ್ತೆ ಹಾಗೂ ಹಳೆ ಮದ್ರಾಸ್ ರಸ್ತೆಗಳಲ್ಲಿ ಬೆಂಗಳೂರಿನಿಂದ ಹೊರಕ್ಕೆ ಸಾಗುವ ವಾಹನಗಳ ಸಾಲು ಬೆಳೆಯುತ್ತದೆ. ಅವುಗಳಲ್ಲಿ ಒಂದಷ್ಟು ವಾಹನಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಮತ್ತು ಹೊಸಕೋಟೆ ತಾಲ್ಲೂಕುಗಳ ತೋಟದ ಮನೆಗಳತ್ತ ತಿರುಗುತ್ತವೆ. ಹುಟ್ಟುಹಬ್ಬ, ಪರೀಕ್ಷೆ ಮುಗಿದ ಸಂಭ್ರಮ, ಮೊದಲ ಸಂಬಳ, ಹೊಸ ವರ್ಷ ಹೀಗೆ ಕಾರಣಗಳು ಹಲವು. ದ್ರಾಕ್ಷಿ ತೋಟ, ಮಾವಿನ ತೋಪುಗಳ ನಡುವಿನ ಬಾಡಿಗೆ ಮನೆಯಲ್ಲಿ ಬೆಳಗಿನ ಜಾವದವರೆಗೆ ಹಾಡು, ಕುಣಿತ ನಡೆಯುತ್ತದೆ. ಮದ್ಯ ಬಹುತೇಕ ಇದ್ದೇ ಇರುತ್ತದೆ. ಕೆಲವೆಡೆ ಅದರ ಜೊತೆಗೆ ಗಾಂಜಾ, ಎಂಡಿಎಂಎ ಮಾತ್ರೆ, ಕೊಕೇನ್ ಕೂಡ ಬರುತ್ತವೆ.

2025ರ ಮೇ ತಿಂಗಳಲ್ಲಿ ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲ ಬಳಿಯ ತೋಟದ ಮನೆಯೊಂದರ ಮೇಲೆ ಪೊಲೀಸರು ದಾಳಿ ನಡೆಸಿ, ಸುಮಾರು 30 ಮಂದಿಯನ್ನು ವಶಕ್ಕೆ ಪಡೆದಿದ್ದರು. ಅದಕ್ಕೂ ಒಂದು ವರ್ಷ ಮೊದಲು, 2024ರ ಮೇ ತಿಂಗಳಲ್ಲಿ, ಆನೇಕಲ್ ತಾಲ್ಲೂಕಿನ ಸಿಂಗೇನ ಅಗ್ರಹಾರ ಬಳಿಯ ತೋಟದ ಮನೆಯಲ್ಲಿ ಸುಮಾರು ನೂರು ಮಂದಿ ಸೇರಿದ್ದ ಪಾರ್ಟಿಯ ಮೇಲೆ ಸಿಸಿಬಿ ದಾಳಿ ನಡೆದಿತ್ತು. ಅವರಲ್ಲಿ ಹೆಚ್ಚಿನವರ ರಕ್ತದಲ್ಲಿ ಮಾದಕ ವಸ್ತುವಿನ ಅಂಶ ಪತ್ತೆಯಾಗಿದೆ ಎಂದು ಪೊಲೀಸರು ತಿಳಿಸಿದ್ದರು.

ಇಂತಹ ದಾಳಿಗಳ ಬಳಿಕ ಎಷ್ಟು ಗ್ರಾಂ ಸಿಕ್ಕಿತು, ಯಾರು ಯಾರು ಇದ್ದರು ಎಂಬುದೇ ಚರ್ಚೆಯಾಗುತ್ತದೆ. ಆ ರಾತ್ರಿ ಅಲ್ಲಿ ಒಬ್ಬರು ಕುಸಿದು ಬಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಪೊಲೀಸರ ಭಯ, ಮನೆಯವರ ಭಯ, 'ಸ್ವಲ್ಪ ಮಲಗಿದರೆ ಸರಿಹೋಗುತ್ತದೆ' ಎಂಬ ನಂಬಿಕೆ ಇವುಗಳ ನಡುವೆ ಕಳೆದುಹೋಗುವ ಒಂದು ಗಂಟೆಯೇ ಅನೇಕ ವೇಳೆ ಜೀವಕ್ಕೆ ಎರವಾಗುತ್ತದೆ. ಆ ಒಂದು ಗಂಟೆಯನ್ನು ಉಳಿಸಿಕೊಳ್ಳಲು ಯುವಜನರು, ಪಾಲಕರು ಹಾಗೂ ಪಾರ್ಟಿ ಏರ್ಪಡಿಸುವವರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಸ್ಥಳವೇ ಒಂದು ಅಪಾಯ

ಬೆಂಗಳೂರು ಗ್ರಾಮಾಂತರ ಜಿಲ್ಲೆ 1986ರಲ್ಲಿ ರಚನೆಯಾಯಿತು. 2007ರಲ್ಲಿ ರಾಮನಗರ ಜಿಲ್ಲೆ ಪ್ರತ್ಯೇಕಗೊಂಡ ಬಳಿಕ ನಾಲ್ಕು ತಾಲ್ಲೂಕುಗಳು ಉಳಿದವು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆಯು ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ಒಪ್ಪಿಗೆ ನೀಡಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ನಂತರ ಈ ಭಾಗದಲ್ಲಿ ಬಡಾವಣೆಗಳು, ರೆಸಾರ್ಟ್‌ಗಳು ಹಾಗೂ ವಾರಾಂತ್ಯದ ತೋಟದ ಮನೆಗಳು ವೇಗವಾಗಿ ಬೆಳೆದಿವೆ.

ನಗರದೊಳಗಿನ ಪಬ್‌ಗೂ ಊರಾಚೆಯ ತೋಟದ ಮನೆಗೂ ದೊಡ್ಡ ವ್ಯತ್ಯಾಸವಿದೆ. ಪಬ್‌ನಲ್ಲಿ ಸಿಬ್ಬಂದಿ ಇರುತ್ತಾರೆ, ಮುಚ್ಚುವ ಸಮಯವಿರುತ್ತದೆ, ಹೊರಗೆ ಆಟೊ, ಟ್ಯಾಕ್ಸಿ ಸಿಗುತ್ತವೆ. ತೋಟದ ಮನೆಯಲ್ಲಿ ಸಾಕು ಎನ್ನುವವರಿಲ್ಲ. ಮನೆಗೆ ಬಾಗಿಲ ಸಂಖ್ಯೆಯೇ ಇಲ್ಲದಿರಬಹುದು. ಮೊಬೈಲ್ ಸಂಪರ್ಕ ದುರ್ಬಲವಾಗಿರಬಹುದು. ಮುಖ್ಯರಸ್ತೆಯಿಂದ ಮಣ್ಣಿನ ದಾರಿಯಲ್ಲಿ ಒಳಕ್ಕೆ ಹೋಗಬೇಕಾಗಬಹುದು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಆದರೆ ಆಂಬುಲೆನ್ಸ್ ಚಾಲಕನಿಗೆ ದಾರಿ ಹೇಳಲು ಬಾರದಿದ್ದರೆ ಹತ್ತಿರದ ಆಸ್ಪತ್ರೆಯೂ ದೂರವೇ.

ಆದ್ದರಿಂದ ಪಾರ್ಟಿಗೆ ಹೊರಡುವ ಮುನ್ನ ಮೂರು ವಿವರಗಳು ಕೈಯಲ್ಲಿರಬೇಕು: ಹತ್ತಿರದ ಗ್ರಾಮದ ಹೆಸರು, ಮುಖ್ಯರಸ್ತೆಯಿಂದ ತಿರುಗುವ ಗುರುತು, ರಾತ್ರಿಯಿಡೀ ತೆರೆದಿರುವ ಹತ್ತಿರದ ಆಸ್ಪತ್ರೆ. ಜೊತೆಗೆ, ಪಾರ್ಟಿಗೆ ಬಾರದ ಒಬ್ಬರಾದರೂ ಈ ವಿಳಾಸವನ್ನು ತಿಳಿದಿರುವುದು ಒಳಿತು.

ಪೆಗ್ಗಿನ ಲೆಕ್ಕ

ಮದ್ಯಪಾನದಲ್ಲಿ ಸುರಕ್ಷಿತ ಪ್ರಮಾಣ ಎಂಬುದು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಕುಡಿಯದೆ ಇರುವುದೇ ಅತ್ಯಂತ ಸುರಕ್ಷಿತ. ಆದರೂ ಕುಡಿಯುವವರು ತಮ್ಮ ಲೋಟದಲ್ಲಿ ಏನಿದೆ ಎಂಬುದನ್ನಾದರೂ ತಿಳಿದಿರಬೇಕು.

ಭಾರತದಲ್ಲಿ 10 ಗ್ರಾಂ ಶುದ್ಧ ಆಲ್ಕೋಹಾಲನ್ನು ಒಂದು ಮಾನಕ ಪ್ರಮಾಣವೆಂದು ಲೆಕ್ಕ ಹಾಕಲಾಗುತ್ತದೆ. ಶೇ 42.8ರಷ್ಟು ಆಲ್ಕೋಹಾಲ್ ಇರುವ ವಿಸ್ಕಿ, ರಮ್ ಅಥವಾ ಬ್ರಾಂದಿಯ 30 ಮಿ.ಲೀ. ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಇರುತ್ತದೆ. 180 ಮಿ.ಲೀ.ನ ಕ್ವಾರ್ಟರ್ ಎಂದರೆ ಆರು ಮಾನಕ ಪ್ರಮಾಣ. ಶೇ 5ರ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 25 ಗ್ರಾಂ, ಶೇ 8ರ 'ಸ್ಟ್ರಾಂಗ್' ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ. 'ನಾನು ಬರೀ ಬಿಯರ್ ಕುಡಿದೆ' ಎನ್ನುವವರು ಒಂದೇ ಸ್ಟ್ರಾಂಗ್ ಬಾಟಲಿಯಲ್ಲಿ ನಾಲ್ಕು ಸಣ್ಣ ಪೆಗ್ ಕುಡಿದಿರುತ್ತಾರೆ. ಪಾರ್ಟಿಯಲ್ಲಿ ಕೈಯಳತೆಯಲ್ಲಿ ಸುರಿಯುವ ಪೆಗ್ ಎಷ್ಟೋ ಬಾರಿ 60 ಮಿ.ಲೀ. ಮೀರುತ್ತದೆ. ಹಣ್ಣಿನ ರಸದೊಂದಿಗೆ ಬಕೆಟ್ಟಿನಲ್ಲಿ ಬೆರೆಸಿದ ಪಾನೀಯದಲ್ಲಂತೂ ಲೆಕ್ಕವೇ ಸಿಗದು.

ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನು ಮಾತ್ರ ಕರಗಿಸಬಲ್ಲದು. ಕಾಫಿ, ಮಜ್ಜಿಗೆ, ನಿಂಬೆರಸ, ತಣ್ಣೀರಿನ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಕಾಲವೊಂದೇ ಮದ್ದು. ಕೊನೆಯ ಲೋಟ ಕೆಳಗಿಟ್ಟ ಬಳಿಕವೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಲಗಿಸಿದಾಗ ಚೆನ್ನಾಗಿಯೇ ಮಾತನಾಡುತ್ತಿದ್ದವರು ಅರ್ಧ ಗಂಟೆಯ ನಂತರ ಎಚ್ಚರ ತಪ್ಪಲು ಇದೇ ಕಾರಣ.

ಖಾಲಿ ಹೊಟ್ಟೆಯಲ್ಲಿ ಕುಡಿಯುವುದು, ಪಂದ್ಯ ಕಟ್ಟಿ ಒಂದೇ ಗುಟುಕಿಗೆ ಮುಗಿಸುವುದು, ಎನರ್ಜಿ ಡ್ರಿಂಕ್ ಬೆರೆಸುವುದು ಅಪಾಯವನ್ನು ಹೆಚ್ಚಿಸುತ್ತವೆ. ಎನರ್ಜಿ ಡ್ರಿಂಕ್‌ನಲ್ಲಿರುವ ಕೆಫೀನ್ ಮತ್ತನ್ನು ಇಳಿಸುವುದಿಲ್ಲ, ಮತ್ತೇರಿರುವುದು ಗೊತ್ತಾಗದಂತೆ ಮಾಡುತ್ತದೆ. ಪರಿಣಾಮವಾಗಿ ಇನ್ನಷ್ಟು ಕುಡಿಯುವಂತಾಗುತ್ತದೆ.

ನಿದ್ದೆಯೋ, ಪ್ರಜ್ಞಾಹೀನತೆಯೋ?

ಅತಿಯಾಗಿ ಕುಡಿದವರ ಸಾವು ಬಹಳಷ್ಟು ಬಾರಿ ಸದ್ದಿಲ್ಲದೆ ಸಂಭವಿಸುತ್ತದೆ. ಮದ್ಯವು ಮೆದುಳಿನ ಉಸಿರಾಟದ ಕೇಂದ್ರವನ್ನು ನಿಧಾನಗೊಳಿಸುತ್ತದೆ. ಗಂಟಲಿಗೆ ಬಂದ ವಾಂತಿಯನ್ನು ಕೆಮ್ಮಿ ಹೊರಹಾಕುವ ಸಹಜ ಶಕ್ತಿಯೂ ಕುಂದುತ್ತದೆ. ಅಂಗಾತ ಮಲಗಿದವರು ತಮ್ಮದೇ ವಾಂತಿಯಿಂದ ಉಸಿರುಗಟ್ಟಿ ಸಾಯುವುದು ಹೀಗೆ. ಪಕ್ಕದ ಕೋಣೆಯಲ್ಲಿ ಸಂಗೀತ ನಡೆಯುತ್ತಲೇ ಇರುತ್ತದೆ. ಗೊರಕೆ ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ.

ಈ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡುಬಂದರೂ ಅದು ತುರ್ತು ಪರಿಸ್ಥಿತಿ:

* ಕೂಗಿ ಕರೆದರೂ, ಭುಜ ಅಲುಗಾಡಿಸಿದರೂ ಎಚ್ಚರಗೊಳ್ಳದಿರುವುದು.
* ನಿಮಿಷಕ್ಕೆ 8ಕ್ಕಿಂತ ಕಡಿಮೆ ಉಸಿರಾಟ, ಅಥವಾ ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ.
* ತುಟಿ, ಉಗುರು ನೀಲಿಗಟ್ಟುವುದು, ಮೈ ತಣ್ಣಗಾಗುವುದು.
* ಎಚ್ಚರವಿಲ್ಲದೆ ವಾಂತಿ ಮಾಡಿಕೊಳ್ಳುವುದು.
* ಸೆಳೆತ, ಅಂದರೆ ಫಿಟ್ಸ್.
* ಬಿದ್ದು ತಲೆಗೆ ಪೆಟ್ಟಾಗಿರುವುದು. ಕುಡಿದವರ ತೂಕಡಿಕೆಯ ಹಿಂದೆ ಮೆದುಳಿನ ರಕ್ತಸ್ರಾವ ಅಡಗಿರಬಹುದು.

ಇಂತಹ ಸಂದರ್ಭದಲ್ಲಿ ಮೊದಲು 108 ಅಥವಾ 112ಕ್ಕೆ ಕರೆ ಮಾಡಬೇಕು. ನಂತರ ವ್ಯಕ್ತಿಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಮೇಲಿನ ಕಾಲನ್ನು ಮಂಡಿಯಲ್ಲಿ ಮಡಚಿ ಮುಂದಕ್ಕೆ ಇರಿಸಿದರೆ ದೇಹ ಉರುಳುವುದಿಲ್ಲ. ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಬಾಯಿ ನೆಲದತ್ತ ಇರುವಂತೆ ನೋಡಿಕೊಂಡರೆ ವಾಂತಿ ಹೊರಗೆ ಹರಿಯುತ್ತದೆ. ಮೈ ಬೆಚ್ಚಗಿರಲು ಹೊದಿಕೆ ಹೊದಿಸಬೇಕು. ವೈದ್ಯಕೀಯ ನೆರವು ಬರುವವರೆಗೂ ಒಬ್ಬರು ಪಕ್ಕದಲ್ಲೇ ಕುಳಿತು ಉಸಿರಾಟವನ್ನು ಎಣಿಸುತ್ತಿರಬೇಕು. ಇನ್ನೊಬ್ಬರು ಮೊಬೈಲ್ ಬೆಳಕಿನೊಂದಿಗೆ ಮುಖ್ಯರಸ್ತೆಯ ತಿರುವಿನಲ್ಲಿ ನಿಂತು ಆಂಬುಲೆನ್ಸ್‌ಗೆ ದಾರಿ ತೋರಬೇಕು.

ಉಸಿರಾಟ ನಿಂತಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಬಿಕ್ಕಿದಂತೆ ಇದ್ದರೆ, ಅಂಗಾತ ಮಲಗಿಸಿ ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು.

ಮಾಡಬಾರದ ಕೆಲಸಗಳೂ ಇವೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಚ್ಚರ ತಪ್ಪಿದವರ ಬಾಯಿಗೆ ಹುಣಸೆ ನೀರು, ಮಜ್ಜಿಗೆ, ಕಾಫಿ ಸುರಿಯುವುದು ಉಸಿರುಗಟ್ಟಿಸಬಹುದು. ತಣ್ಣೀರು ಸುರಿದರೆ ದೇಹದ ಉಷ್ಣತೆ ಮತ್ತಷ್ಟು ಕುಸಿಯುತ್ತದೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿಕೈ ಕೊಡುವುದರಿಂದ ಪ್ರಯೋಜನವಿಲ್ಲ. ಹಲ್ಲುಗಳ ನಡುವೆ ಚಮಚ ತುರುಕುವುದರಿಂದ ಹಾನಿಯಾಗುತ್ತದೆ. ಸುತ್ತಲಿನ ವಸ್ತುಗಳನ್ನು ಸರಿಸಿ, ಸೆಳೆತ ನಿಂತೊಡನೆ ಪಕ್ಕಕ್ಕೆ ತಿರುಗಿಸಬೇಕು.

ಅಗ್ಗದ ಮದ್ಯದ ಹಳೆಯ ಪಾಠ

ಕಳ್ಳಬಟ್ಟಿಯ ದುರಂತಗಳನ್ನು ಈ ಪ್ರದೇಶ ಕಂಡಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಸೇವಿಸಿ 300ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದದ್ದು 2007ರ ಜುಲೈನಲ್ಲಿ. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಸುತ್ತಮುತ್ತ, ಕೋಲಾರ ಭಾಗ ಹಾಗೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ವಿಷಮದ್ಯ ಒಟ್ಟು ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆಯಿತು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು.

ಇದು ಬಡ ಕೂಲಿಕಾರರ ಸಮಸ್ಯೆ ಮಾತ್ರ ಎಂದು ಭಾವಿಸುವಂತಿಲ್ಲ. 2024ರ ನವೆಂಬರ್‌ನಲ್ಲಿ ಲಾವೋಸ್ ದೇಶದ ವಾಂಗ್ ವಿಯೆಂಗ್ ಎಂಬ ಪ್ರವಾಸಿ ತಾಣದಲ್ಲಿ ಆರು ಮಂದಿ ವಿದೇಶಿ ಪ್ರವಾಸಿಗರು ಕಲಬೆರಕೆ ಮದ್ಯದಿಂದ ಮೃತಪಟ್ಟರು. ಅವರಲ್ಲಿ 19 ವರ್ಷದ ಯುವತಿಯರೂ ಇದ್ದರು.

ಇದಕ್ಕೆ ಕಾರಣ ಮೆಥನಾಲ್. ಬಣ್ಣ, ವಾಸನೆಯಿಂದ ಅದನ್ನು ಗುರುತಿಸಲಾಗದು. ಸೇವಿಸಿದ 12ರಿಂದ 24 ಗಂಟೆಗಳ ಬಳಿಕ ತಲೆನೋವು, ಹೊಟ್ಟೆನೋವು, ಏದುಸಿರು, ಕಣ್ಣು ಮಂಜಾಗುವಿಕೆ ಕಾಣಿಸಿಕೊಳ್ಳುತ್ತವೆ. ಪಾರ್ಟಿಯ ಮರುದಿನ ದೃಷ್ಟಿ ಮಸುಕಾದರೆ ಅದನ್ನು 'ಹ್ಯಾಂಗೋವರ್' ಎಂದು ತಳ್ಳಿಹಾಕಬಾರದು. ಆಸ್ಪತ್ರೆಯಲ್ಲಿ ಪ್ರತಿವಿಷ ಹಾಗೂ ಡಯಾಲಿಸಿಸ್ ಸಕಾಲದಲ್ಲಿ ದೊರೆತರೆ ಜೀವವೂ ಕಣ್ಣೂ ಉಳಿಯುವ ಸಾಧ್ಯತೆ ಇದೆ. ಒಂದೇ ಬಾಟಲಿಯಿಂದ ಕುಡಿದ ಎಲ್ಲರೂ ತಪಾಸಣೆಗೆ ಒಳಗಾಗಬೇಕು. ಸೀಲ್ ಇಲ್ಲದ, ಅಬಕಾರಿ ಚೀಟಿ ಇಲ್ಲದ ಬಾಟಲಿಯನ್ನು ಮುಟ್ಟದಿರುವುದು ಕ್ಷೇಮ.

ಮಾತ್ರೆ, ಪುಡಿ, ಸೊಪ್ಪು

ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಸುಮಾರು 16 ಕೋಟಿ ಮಂದಿ ಮದ್ಯ, ಸುಮಾರು 3.1 ಕೋಟಿ ಮಂದಿ ಭಂಗಿ, ಗಾಂಜಾ ಮೊದಲಾದವನ್ನು ಬಳಸುತ್ತಿದ್ದರು. ಮದ್ಯದ ಬಾಟಲಿಯ ಮೇಲೆ ಪ್ರಮಾಣವಾದರೂ ಮುದ್ರಿತವಾಗಿರುತ್ತದೆ. ಮಾದಕ ವಸ್ತುವಿನ ವಿಷಯದಲ್ಲಿ ಅದೂ ಇಲ್ಲ. 'ಎಂಡಿಎಂಎ' ಎಂದು ಮಾರುವ ಮಾತ್ರೆಯಲ್ಲಿ ಎಷ್ಟು ಎಂಡಿಎಂಎ ಇದೆ, ಅಥವಾ ಬೇರೆಯೇ ರಾಸಾಯನಿಕವಿದೆಯೇ ಎಂಬುದು ಕೊಟ್ಟವನಿಗೂ ತಿಳಿದಿರುವುದಿಲ್ಲ.

ಎಂಡಿಎಂಎ ಪರಿಣಾಮ ಕಾಣಿಸಲು ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಮಯ ಬೇಕು. 'ಏನೂ ಆಗಲಿಲ್ಲ' ಎಂದು ಎರಡನೆಯ ಮಾತ್ರೆ ನುಂಗಿದವರಲ್ಲಿ ಎರಡೂ ಒಟ್ಟಿಗೆ ಏರುತ್ತವೆ. ದೇಹದ ಉಷ್ಣತೆ ಏರಿ ಸ್ನಾಯುಗಳು ಬಿಗಿಯುತ್ತವೆ. ಗಂಟೆಗಟ್ಟಲೆ ಕುಣಿದರೂ ದಣಿವು ತಿಳಿಯುವುದಿಲ್ಲ. ಇದಕ್ಕೆ ಹೆದರಿ ಲೀಟರುಗಟ್ಟಲೆ ನೀರು ಕುಡಿಯುವುದೂ ಅಪಾಯ. ಎಂಡಿಎಂಎ ಪ್ರಭಾವದಲ್ಲಿ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ರಕ್ತದಲ್ಲಿ ಸೋಡಿಯಂ ಕುಸಿದು ಮೆದುಳು ಬಾವು ಬರಬಹುದು. ಕುಣಿಯುತ್ತಿರುವವರಿಗೆ ಗಂಟೆಗೆ ಅರ್ಧ ಲೀಟರ್‌ನಷ್ಟು ನೀರನ್ನು ಗುಟುಕು ಗುಟುಕಾಗಿ ಕುಡಿದರೆ ಸಾಕು. ಮೈ ಸುಡುತ್ತಿದ್ದು, ಮಾತು ತೊದಲಿ, ಗೊಂದಲಗೊಂಡವರನ್ನು ತಂಪಾದ ಜಾಗಕ್ಕೆ ಕರೆದೊಯ್ದು, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಬೀಸುತ್ತಾ ಆಂಬುಲೆನ್ಸ್ ಕರೆಸಬೇಕು.

ಕೊಕೇನ್ ಮತ್ತು ಮದ್ಯ ಒಟ್ಟಿಗೆ ಸೇರಿದಾಗ ಯಕೃತ್ತಿನಲ್ಲಿ ಕೊಕಾಎಥಿಲೀನ್ ಎಂಬ ಮೂರನೆಯ ವಸ್ತು ಉಂಟಾಗುತ್ತದೆ. ಅದು ಹೃದಯಕ್ಕೆ ಇನ್ನೂ ಹೆಚ್ಚು ಹೊರೆ. 20ರ ಹರೆಯದವರಾದರೂ ಎದೆನೋವನ್ನು ನಿರ್ಲಕ್ಷಿಸುವಂತಿಲ್ಲ.

ಗಾಂಜಾ ಬೆರೆಸಿದ ತಿನಿಸಿನ ಪರಿಣಾಮ ಎರಡು ಗಂಟೆಯವರೆಗೂ ತಡವಾಗಬಹುದು. ಆ ಅವಧಿಯಲ್ಲಿ ಮತ್ತೆ ಮತ್ತೆ ತಿಂದು ತೀವ್ರ ಭಯ, ಭ್ರಮೆ, ಎದೆಬಡಿತಕ್ಕೆ ಒಳಗಾಗುವವರಿದ್ದಾರೆ. 'ಹೈಡ್ರೋ ಗಾಂಜಾ' ಎಂದು ಕರೆಯುವ ತಳಿಗಳಲ್ಲಿ ಮತ್ತಿನ ಅಂಶ ಸಾಮಾನ್ಯ ಗಾಂಜಾಕ್ಕಿಂತ ಹೆಚ್ಚು. ಕುಟುಂಬದಲ್ಲಿ ತೀವ್ರ ಮಾನಸಿಕ ಕಾಯಿಲೆಯ ಇತಿಹಾಸ ಇರುವವರಿಗೆ ಅಪಾಯ ಇನ್ನೂ ಅಧಿಕ.

ಎಲ್ಲಕ್ಕಿಂತ ಘೋರವಾದದ್ದು ಮಿಶ್ರಣ. ನಿದ್ದೆಮಾತ್ರೆಗಳಾದ ಆಲ್ಪ್ರಾಜೋಲಂ, ನೋವು ನಿವಾರಕಗಳಾದ ಟ್ರಮಡಾಲ್, ಟ್ಯಾಪೆಂಟಡಾಲ್ ಇವುಗಳನ್ನು ಮದ್ಯದೊಂದಿಗೆ ಸೇವಿಸಿದರೆ ಉಸಿರಾಟದ ವೇಗ ಕುಸಿಯುತ್ತದೆ. ಔಷಧ ಅಂಗಡಿಯ ಮಾತ್ರೆ ತಾನೆ ಎಂಬ ಧೈರ್ಯ ಇಲ್ಲಿ ಸಲ್ಲದು. ಅಫೀಮು ವರ್ಗದ ವಸ್ತುಗಳಿಂದ ಉಸಿರು ನಿಂತವರಿಗೆ ನ್ಯಾಲೋಕ್ಸೋನ್ ಎಂಬ ಚುಚ್ಚುಮದ್ದು ಜೀವ ಮರಳಿಸಬಲ್ಲದು. ಆದರೆ ಏನು ಸೇವಿಸಿದ್ದಾರೆ ಎಂಬುದು ವೈದ್ಯರಿಗೆ ತಿಳಿದಿರಬೇಕು. ಉಳಿದ ಮಾತ್ರೆ, ಪೊಟ್ಟಣ ಅಥವಾ ಅದರ ಚಿತ್ರವನ್ನು ವೈದ್ಯರಿಗೆ ತೋರಿಸುವುದು ಚಿಕಿತ್ಸೆಗೆ ನೆರವಾಗುತ್ತದೆ.

ಲೋಟದ ಮೇಲೆ ನಿಗಾ

ಬೇರೊಬ್ಬರ ಪಾನೀಯದಲ್ಲಿ ಗುಟ್ಟಾಗಿ ಮತ್ತು ಬರಿಸುವ ವಸ್ತು ಬೆರೆಸುವುದು ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಂ ಪ್ರಕಾರ 10 ವರ್ಷಗಳವರೆಗೆ ಶಿಕ್ಷೆಗೆ ಒಳಪಡುವ ಅಪರಾಧ. ಹೆಚ್ಚು ಬಾರಿ ಬೆರೆಸುವುದು ಬೇರೇನೂ ಅಲ್ಲ, ಹೇಳದೆ ಸುರಿದ ಇನ್ನೊಂದು ಪೆಗ್ ಮದ್ಯವೇ. ಪಾನೀಯವನ್ನು ತಾವೇ ತೆರೆಯುವುದು, ಬಿಟ್ಟುಹೋದ ಲೋಟವನ್ನು ಮತ್ತೆ ಮುಟ್ಟದಿರುವುದು, ಕುಡಿದ ಪ್ರಮಾಣಕ್ಕೆ ಮೀರಿದ ಮಂಪರು ಬಂದರೆ ಕೂಡಲೇ ನಂಬಿಕೆಯ ಸ್ನೇಹಿತರಿಗೆ ತಿಳಿಸುವುದು ಅವಶ್ಯ.

ಮತ್ತಿನಲ್ಲಿ ಏನಾಗುತ್ತಿದೆ ಎಂದು ಅರಿಯಲಾಗದ ಸ್ಥಿತಿಯಲ್ಲಿ ನೀಡಿದ ಸಮ್ಮತಿ ಕಾನೂನಿನ ದೃಷ್ಟಿಯಲ್ಲಿ ಸಮ್ಮತಿಯೇ ಅಲ್ಲ. ದೌರ್ಜನ್ಯಕ್ಕೆ ಒಳಗಾದವರು ಕುಡಿದಿದ್ದರು ಎಂಬುದು ಆರೋಪಿಗೆ ರಕ್ಷಣೆ ನೀಡುವುದಿಲ್ಲ. ಎಚ್ಚರ ತಪ್ಪಿದವರನ್ನು ಬೀಗ ಹಾಕಿದ ಕೋಣೆಯಲ್ಲಿ ಒಂಟಿಯಾಗಿ ಬಿಡದಿರಲು ಇದೂ ಒಂದು ಕಾರಣ.

ಮರಳುವ ದಾರಿ

ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರುವಂತಿಲ್ಲ. 60 ಕೆ.ಜಿ. ತೂಕದವರಲ್ಲಿ ಎರಡು ಸಣ್ಣ ಪೆಗ್ ಕೂಡ ಈ ಮಿತಿಯನ್ನು ಮೀರಿಸಬಲ್ಲದು. 2019ರ ತಿದ್ದುಪಡಿಯ ಬಳಿಕ ಮೊದಲ ಅಪರಾಧಕ್ಕೆ 10 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ವಿಧಿಸಬಹುದು. ಮಾದಕ ವಸ್ತು ಸೇವಿಸಿ ಹತೋಟಿ ತಪ್ಪಿ ವಾಹನ ಓಡಿಸುವವರಿಗೂ ಇದೇ ಕಲಂ ಅನ್ವಯಿಸುತ್ತದೆ.

ರಾತ್ರಿ 12ಕ್ಕೆ ಪಾರ್ಟಿ ಮುಗಿಸಿ ಬೆಳಿಗ್ಗೆ 5ಕ್ಕೆ ಸೂರ್ಯೋದಯ ನೋಡಲು ನಂದಿಬೆಟ್ಟಕ್ಕೆ ಬೈಕ್ ಏರುವುದು ಈ ಭಾಗದಲ್ಲಿ ಸಾಮಾನ್ಯ. ಒಂದು ಕ್ವಾರ್ಟರ್ ಮದ್ಯ ದೇಹದಿಂದ ಪೂರ್ತಿ ಇಳಿಯಲು 6ರಿಂದ 9 ಗಂಟೆ ಬೇಕು ಎಂಬ ಲೆಕ್ಕ ನೆನಪಿದ್ದರೆ, ಆ ಹೊತ್ತಿಗೆ ಸವಾರನ ರಕ್ತದಲ್ಲಿ ಇನ್ನೂ ಮದ್ಯ ಇರುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ರಾತ್ರಿ ಅಲ್ಲೇ ಉಳಿಯುವುದು, ಚಾಲಕನಿರುವ ಬಾಡಿಗೆ ವಾಹನವನ್ನು ಮೊದಲೇ ಗೊತ್ತುಮಾಡುವುದು, ಅಥವಾ ಕುಡಿಯದ ಒಬ್ಬರು ವಾಹನದ ಹೊಣೆ ಹೊರುವುದು, ಈ ಮೂರರಲ್ಲಿ ಒಂದನ್ನು ಮೊದಲ ಬಾಟಲಿ ತೆರೆಯುವ ಮುನ್ನವೇ ತೀರ್ಮಾನಿಸಬೇಕು.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಅಬಕಾರಿ ಕಾಯ್ದೆ, 1965ರಲ್ಲಿ ಮದ್ಯ ಮಾರಾಟಕ್ಕೆ ವಯೋಮಿತಿ 18 ಎಂದಿದ್ದರೂ, 1967ರ ಪರವಾನಗಿ ನಿಯಮಗಳು 21 ವರ್ಷದೊಳಗಿನವರಿಗೆ ಮಾರುವುದನ್ನು ನಿಷೇಧಿಸಿವೆ. ನಿಯಮವನ್ನು 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ಹೊರಡಿಸಿದ ಕರಡನ್ನು ಸಾರ್ವಜನಿಕ ವಿರೋಧದ ಬಳಿಕ ಸರ್ಕಾರ ಹಿಂಪಡೆಯಿತು. 18 ವರ್ಷದೊಳಗಿನವರಿಗೆ ಮದ್ಯ ಅಥವಾ ಮಾದಕ ವಸ್ತು ನೀಡಿದರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷಗಳವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಮ್ಮನನ್ನು 'ದೊಡ್ಡವನಾದ' ಎಂದು ಪಾರ್ಟಿಗೆ ಕರೆತರುವ ಅಣ್ಣಂದಿರಿಗೂ ಇದು ಅನ್ವಯ. ಖಾಸಗಿ ಸಮಾರಂಭದಲ್ಲಿ ಮದ್ಯ ಪೂರೈಸಲು ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ಸಾಂದರ್ಭಿಕ ಪರವಾನಗಿ ಪಡೆಯುವ ವ್ಯವಸ್ಥೆಯಿದೆ.

1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಇನ್ನೂ ಕಠಿಣ. ಕೇವಲ ಸೇವನೆಗೂ ವಸ್ತುವನ್ನು ಅವಲಂಬಿಸಿ ಆರು ತಿಂಗಳು ಅಥವಾ ಒಂದು ವರ್ಷದವರೆಗೆ ಶಿಕ್ಷೆಯಿದೆ. ಎಂಡಿಎಂಎ 10 ಗ್ರಾಂ, ಕೊಕೇನ್ 100 ಗ್ರಾಂ, ಗಾಂಜಾ 20 ಕೆ.ಜಿ. ಮೀರಿದರೆ 'ವಾಣಿಜ್ಯ ಪ್ರಮಾಣ'ವಾಗಿ 10ರಿಂದ 20 ವರ್ಷ ಸೆರೆವಾಸ ಕಾದಿರುತ್ತದೆ. ಮಿಶ್ರಣದ ಒಟ್ಟು ತೂಕವನ್ನೇ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ. ಗೆಳೆಯರೆಲ್ಲರ ಪರವಾಗಿ ಒಬ್ಬನೇ ಖರೀದಿಸಿ ಹಂಚಿದರೆ, ಸ್ನೇಹಿತರ ಕಣ್ಣಿಗೆ ಅವನು ಉಪಕಾರಿ, ಕಾನೂನಿನ ಕಣ್ಣಿಗೆ ಪೂರೈಕೆದಾರ. ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ತೋಟದ ಮಾಲೀಕರು ಅಥವಾ ಬಾಡಿಗೆದಾರರೂ 25ನೇ ಕಲಂ ಅಡಿ ಅಷ್ಟೇ ಹೊಣೆಗಾರರು.

ಕರೆ ಮಾಡಲು ಹೆದರಬೇಕೇ?

ಇಷ್ಟು ಕಠಿಣ ಕಾನೂನಿರುವಾಗ ಕುಸಿದ ಗೆಳೆಯನಿಗಾಗಿ ಆಂಬುಲೆನ್ಸ್ ಕರೆದರೆ ತಾವೇ ಸಿಕ್ಕಿಬೀಳುತ್ತೇವೆಂಬ ಅಂಜಿಕೆ ಸಹಜ. ವಾಸ್ತವವನ್ನು ಮುಚ್ಚಿಡುವುದು ಸರಿಯಲ್ಲ. ಮಾದಕ ವಸ್ತು ಸೇವನೆಯ ಸಂದರ್ಭದಲ್ಲಿ ನೆರವಿಗೆ ಕರೆ ಮಾಡಿದವರಿಗೆ ಪೂರ್ಣ ವಿನಾಯಿತಿ ಕೊಡುವ ಕಲಂ ಎನ್‌ಡಿಪಿಎಸ್ ಕಾಯ್ದೆಯಲ್ಲಿಲ್ಲ. ವಿಷಪ್ರಾಶನ, ಅಪಘಾತದಂತಹ ಪ್ರಕರಣಗಳನ್ನು ಆಸ್ಪತ್ರೆಗಳು ಪೊಲೀಸರಿಗೆ ತಿಳಿಸುವುದು ವಾಡಿಕೆ.

ಆದರೆ ಮತ್ತೊಂದು ಬದಿಯನ್ನೂ ನೋಡಬೇಕು. ಜೀವಾಪಾಯದಲ್ಲಿರುವವರಿಗೆ ಮೊದಲು ಚಿಕಿತ್ಸೆ, ಕಾನೂನು ಕ್ರಮ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಿರುಕುಳ ಆಗದಂತೆ ಕರ್ನಾಟಕವು 2016ರಲ್ಲೇ ಜೀವರಕ್ಷಕರ ಸಂರಕ್ಷಣಾ ಮಸೂದೆ ಅಂಗೀಕರಿಸಿತು. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಕೂಡ ಅದನ್ನೇ ಹೇಳುತ್ತದೆ. ಇನ್ನು ವ್ಯಸನಿಯಾದವರು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಸೇವನೆ ಹಾಗೂ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ.

ಎರಡನ್ನೂ ತೂಗಿ ನೋಡಿದರೆ ಉತ್ತರ ಸರಳ. ಸೇವನೆಯ ಪ್ರಕರಣದಿಂದ ಕಾಲಾಂತರದಲ್ಲಿ ಹೊರಬರಬಹುದು. ಗೆಳೆಯನ ಸಾವಿನಿಂದ ಹೊರಬರಲಾಗದು. ನೆರವು ಕರೆಯದೆ ಬಿಟ್ಟುಹೋದವರ ಮೇಲೆ ನಿರ್ಲಕ್ಷ್ಯದ ಆರೋಪ ಬರುವ ಸಾಧ್ಯತೆಯೂ ಇರುತ್ತದೆ.

ಪಾಲಕರು ಹೇಳಬೇಕಾದ ಒಂದು ಮಾತು

ಮಕ್ಕಳು ಕುಡಿಯಬಾರದು ಎಂದು ಪಾಲಕರು ಬಯಸುವುದು ನ್ಯಾಯವೇ. ಅದರ ಜೊತೆಗೆ ಇನ್ನೊಂದು ಮಾತನ್ನೂ ಮೊದಲೇ ಹೇಳಿಡಬೇಕು: 'ಎಷ್ಟೇ ಹೊತ್ತಾಗಲಿ, ಎಂಥದೇ ಸ್ಥಿತಿಯಿರಲಿ, ತೊಂದರೆಯಾದರೆ ಫೋನ್ ಮಾಡು. ಬಂದು ಕರೆದುಕೊಂಡು ಹೋಗುತ್ತೇವೆ. ಬೈಗುಳವೇನಿದ್ದರೂ ನಾಳೆ.' ಈ ಭರವಸೆ ಇರುವ ಮನೆಯ ಮಕ್ಕಳು ಮತ್ತೇರಿದ ಗೆಳೆಯನ ಬೈಕಿನ ಹಿಂದೆ ಕೂರುವ ಬದಲು ಫೋನ್ ಎತ್ತಿಕೊಳ್ಳುತ್ತಾರೆ.

ಪಾರ್ಟಿ ಏರ್ಪಡಿಸುವವರಿಗೂ ಹೊಣೆಯಿದೆ. ಒಬ್ಬಿಬ್ಬರಾದರೂ ಮದ್ಯ ಮುಟ್ಟದೆ ಇರಬೇಕು. ಮೊದಲು ಊಟ, ಆಮೇಲೆ ಉಳಿದದ್ದು ಎಂಬ ಕ್ರಮ ಒಳ್ಳೆಯದು. ಕುಡಿಯುವ ನೀರು ಧಾರಾಳವಾಗಿರಬೇಕು. ಈಜುಕೊಳ, ಕೃಷಿ ಹೊಂಡ, ತೆರೆದ ಬಾವಿಗಳತ್ತ ಕತ್ತಲಾದ ಮೇಲೆ ಯಾರೂ ಹೋಗದಂತೆ ತಡೆಯಬೇಕು. ಬೇಡ ಎಂದವರ ಕೈಗೆ ಲೋಟ ತುರುಕುವ 'ಒತ್ತಾಯದ ಉಪಚಾರ'ಕ್ಕೆ ಪಾರ್ಟಿಯಲ್ಲಿ ಜಾಗ ಇರಬಾರದು. ಮಲಗಿದವರನ್ನು ಆಗಾಗ ಹೋಗಿ ನೋಡಬೇಕು.

ವಾರಾಂತ್ಯದ ಅಭ್ಯಾಸ ವಾರದ ದಿನಗಳಿಗೂ ಹಬ್ಬಿದರೆ, ಮದ್ಯವಿಲ್ಲದೆ ಕೈ ನಡುಗಿದರೆ, ಮರುದಿನದ ನೆನಪೇ ಇಲ್ಲದ ರಾತ್ರಿಗಳು ಹೆಚ್ಚಾದರೆ ತಜ್ಞರನ್ನು ಕಾಣುವ ಸಮಯ ಬಂದಿದೆ ಎಂದರ್ಥ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆ ಪಡೆಯುವವರ ವಿವರಗಳನ್ನು ಗೋಪ್ಯವಾಗಿಡುವುದು ಅವರ ಹಕ್ಕು.

ಮೊಬೈಲ್‌ನಲ್ಲಿ ಇರಬೇಕಾದ ಸಂಖ್ಯೆಗಳು

* ಆಂಬುಲೆನ್ಸ್: 108
* ಎಲ್ಲ ಬಗೆಯ ತುರ್ತು ನೆರವು: 112
* ವಿಷಪ್ರಾಶನ ಕುರಿತ ಮಾಹಿತಿ, ಏಮ್ಸ್, ದೆಹಲಿ: 1800 116 117
* ಟೆಲಿ-ಮಾನಸ್, ಮಾನಸಿಕ ಆರೋಗ್ಯ ಸಲಹೆ, ಕನ್ನಡದಲ್ಲಿಯೂ ಲಭ್ಯ: 14416
* ವ್ಯಸನಮುಕ್ತಿ ರಾಷ್ಟ್ರೀಯ ಸಹಾಯವಾಣಿ: 14446
* ಮಾದಕ ವಸ್ತು ಕುರಿತ ಮಾಹಿತಿ, ದೂರು: 1933
* ಮಕ್ಕಳ ಸಹಾಯವಾಣಿ: 1098

ತೋಟದ ಮನೆಯ ವಿಳಾಸವನ್ನೂ ಈ ಸಂಖ್ಯೆಗಳ ಜೊತೆಗೇ ಬರೆದಿಟ್ಟುಕೊಳ್ಳುವುದು ಒಳಿತು. ಕುಸಿದವರು ಎದ್ದೇಳಲಿ ಎಂದು ಕಾಯುವ ಬದಲು ಕರೆ ಮಾಡಬೇಕು. ಅವರು ತಾವಾಗಿಯೇ ಎದ್ದು ಕುಳಿತು, ಆಂಬುಲೆನ್ಸ್ ಬರಿಗೈಯಲ್ಲಿ ಮರಳಿದರೆ ಅದರಿಂದ ಯಾರಿಗೂ ನಷ್ಟವಿಲ್ಲ.